ಬೀಳುವ ಗುಬ್ಬಿಯ ಮುನ್ಸೂಚನೆ

ಮೇರಿ ಡೋರಿಯಾ ರಸೆಲ್ ಅವರ ವೈಜ್ಞಾನಿಕ ಕಾದಂಬರಿ ‘ದ ಸ್ಪ್ಯಾರೋ’ (1996) ತನ್ನ ದುರಂತವನ್ನು ಆರಂಭದಲ್ಲಿಯೇ ತಿಳಿಸಿಬಿಡುತ್ತದೆ. ರಾಖಾತ್ ಎಂಬ ಅನ್ಯಗ್ರಹಕ್ಕೆ ಯೇಸುಸಭೆಯು ಕಳುಹಿಸಿದ ತಂಡದಲ್ಲಿ ಮರಳಿದವನು ಗುರು ಎಮಿಲಿಯೋ ಸ್ಯಾಂಡೋಸ್ ಒಬ್ಬನೇ. 2059ರ ರೋಮಿನಲ್ಲಿ ನಾವು ಅವನನ್ನು ಕಾಣುವಾಗ ಅವನ ಕೈಗಳು ವಿರೂಪಗೊಂಡಿವೆ. ಬಳಿಕ ಕಥೆಯು 2019ಕ್ಕೆ ಹಿಂದಿರುಗಿ, ಆ ಗ್ರಹದ ಗಾಯನವು ಭೂಮಿಗೆ ಕೇಳಿಬಂದ ಹರ್ಷವನ್ನು ಚಿತ್ರಿಸುತ್ತದೆ.

ಹೀಗೆ ನಮ್ಮ ಪ್ರಶ್ನೆಯು ‘ಮುಂದೇನು?’ ಎಂಬುದರಿಂದ ‘ಏಕೆ?’ ಎಂಬುದಕ್ಕೆ ತಿರುಗುತ್ತದೆ. ಒದಗಿಬಂದ ಅನುಕೂಲಗಳಲ್ಲಿ ಸ್ಯಾಂಡೋಸನು ದೇವರ ಕರೆಯನ್ನು ಕಾಣುತ್ತಾನೆ. ಅಂತ್ಯವನ್ನು ಬಲ್ಲ ನಾವು ಅವುಗಳನ್ನೇ ಭಯದಿಂದ ನೋಡುತ್ತೇವೆ. ಸಾಕ್ಷ್ಯ ಹೇಳುವಾಗ ಯಶಸ್ಸನ್ನೇ ದೈವಚಿತ್ತದ ಗುರುತೆಂದು ಬೋಧಿಸುವ ನಮಗೆ ಇದು ಎಚ್ಚರಿಕೆ.

ಮಾರ್ಕನೂ ತನ್ನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿಯೇ ಮದಲಿಂಗನ ಅಗಲಿಕೆಯನ್ನು ಸೂಚಿಸುತ್ತಾನೆ. ಆದರೆ ಅವನ ಮೊದಲ ವಚನವೇ ಅದನ್ನು ಶುಭವಾರ್ತೆಯೆಂದು ಸಾರಿರುತ್ತದೆ. ರಸೆಲ್ ಅವರ ಆರಂಭದಲ್ಲಿ ಅಂಥ ಅಭಯವಿಲ್ಲ. ಇರುವುದು ಮತ್ತಾಯ 10:29ನ್ನು ನೆನಪಿಸುವ ಶೀರ್ಷಿಕೆ ಮಾತ್ರ. ಆ ವಚನವು ತಂದೆಯ ಅರಿವನ್ನು ವಾಗ್ದಾನ ಮಾಡುತ್ತದೆ. ಗುಬ್ಬಿ ಬೀಳುವುದಿಲ್ಲವೆಂದು ಹೇಳುವುದಿಲ್ಲ. ದುಃಖಿತರ ಮುಂದೆ ಅದನ್ನು ಓದುವ ಸಭಾಪಾಲಕರು ಈ ಎರಡನ್ನೂ ಮರೆಯದಿರಬೇಕು.