ಕಾಲಿಗಿಂತ ಮೊದಲು ಕೈ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶ. ಮೂರರಲ್ಲೂ ಆಗದಿದ್ದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಅದೇ ಪಂಟ್. ಕೈಲಾಗದೆ ಮಾಡುವ ಕೆಲಸವೆಂದು ಅದನ್ನು ಹಗುರವಾಗಿ ಕಾಣುವ ಪ್ರೇಕ್ಷಕರು ಬಹಳ. ಈ ತಾತ್ಸಾರ ಕಲಿಕೆಗೂ ತಟ್ಟಿದೆ ಎಂಬುದು ನನ್ನ ತಕರಾರು. ಎಷ್ಟು ಗಜ ಹೋಯಿತು ಎಂದು ಮೊದಲು ಕೇಳುವ ಅಭ್ಯಾಸ, ಹೊಸದಾಗಿ ಕಲಿಯುವ ಹುಡುಗನ ಗಮನವನ್ನೆಲ್ಲ ಕಾಲಿನ ಬಲದ ಮೇಲೆ ಕಟ್ಟಿಹಾಕುತ್ತದೆ.

ಪಂಟ್ ಕೆಡುವುದು ಬಹುಮಟ್ಟಿಗೆ ಕೈಯಲ್ಲಿ. ಪಂಟರ್ ಸುಮಾರು ಹದಿನೈದು ಗಜ ಹಿಂದೆ ನಿಂತಿರುತ್ತಾನೆ. ಲಾಂಗ್ ಸ್ನ್ಯಾಪರ್ ಕಾಲುಗಳ ನಡುವಿನಿಂದ ಎಸೆದ ಚೆಂಡು ಅವನನ್ನು ತಲುಪಿ, ಅವನ ಪಾದದಿಂದ ಹೊರಡುವುದರೊಳಗೆ ಸುಮಾರು ಎರಡು ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ಅವನು ಚೆಂಡು ಹಿಡಿಯಬೇಕು, ಹೊಲಿಗೆ ಮೇಲೆ ಬರುವಂತೆ ತಿರುಗಿಸಿಕೊಳ್ಳಬೇಕು, ಒಂದೆರಡು ಹೆಜ್ಜೆ ಇಟ್ಟು ಕೈ ಬಿಡಬೇಕು. ಕೈ ಬಿಡುವ ಆ ಗಳಿಗೆಯೇ ಎಲ್ಲಕ್ಕಿಂತ ಕಷ್ಟದ್ದು. ಎಸೆಯುವಂತಿಲ್ಲ, ಮೇಲಕ್ಕೆ ಚಿಮ್ಮಿಸುವಂತಿಲ್ಲ. ಬಲಗಾಲಿನವನಾದರೆ ಚೆಂಡಿನ ಮೂತಿ ತುಸು ಒಳಕ್ಕೆ, ತುಸು ಕೆಳಕ್ಕೆ ಬಾಗಿರಬೇಕು. ಕೈಯಲ್ಲಿದ್ದ ಅದೇ ಭಂಗಿಯಲ್ಲಿ, ಅಲುಗದೆ, ಬೆರಳು ಚಾಚಿ ಬಿಗಿಹಿಡಿದ ಪಾದದ ಮೇಲ್ಮೂಳೆಗೆ ಬಂದು ಕೂರಬೇಕು. ಮೂತಿ ಒಂದಿಷ್ಟು ಓರೆಯಾದರೂ ಚೆಂಡು ಪಕ್ಕಕ್ಕೆ ಜಾರುತ್ತದೆ. ಎಂಥ ಬಲಿಷ್ಠ ತೊಡೆಯೂ ಅದನ್ನು ಸರಿಪಡಿಸಲಾರದು. ಹಾಗಾಗಿ ಒದೆಯದೆ ಬರೀ ಚೆಂಡು ಬಿಡುವುದನ್ನೇ ನೂರಾರು ಸಲ ಮಾಡಿಸುವ ತರಬೇತುದಾರ ನನ್ನ ಕಣ್ಣಿಗೆ ದೊಡ್ಡವನು. ಬೇಸರದ ಕೆಲಸ ನಿಜ. ಆದರೆ ವಿದ್ಯೆ ಇರುವುದು ಅಲ್ಲೇ.

ಗಜದ ಲೆಕ್ಕ ಎಷ್ಟು ಅರೆಬರೆ ಎನ್ನುವುದಕ್ಕೆ ರೇ ಗೈ ಸಾಕ್ಷಿ. 1973ರಲ್ಲಿ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಹೊಸ ಆಟಗಾರರ ಆಯ್ಕೆಯಲ್ಲಿ (ಡ್ರಾಫ್ಟ್), ಓಕ್‌ಲ್ಯಾಂಡ್ ರೈಡರ್ಸ್ ತಂಡ ಮೊದಲ ಸುತ್ತಿನಲ್ಲೇ ಆರಿಸಿಕೊಂಡ ಪಂಟರ್ ಇವರು. ವೃತ್ತಿಜೀವನದ ಸರಾಸರಿ 42.4 ಗಜ, ಇವತ್ತಿನ ಪಟ್ಟಿಯಲ್ಲಿ ಅದು ಎದ್ದುಕಾಣುವ ಅಂಕಿಯೇನಲ್ಲ. ಅವರ ಹಿರಿಮೆ ಇದ್ದದ್ದು ಎತ್ತರದಲ್ಲಿ. 1976ರ ಪ್ರೊ ಬೌಲ್ ಎಂಬ ತಾರಾ ಆಟಗಾರರ ಪಂದ್ಯದಲ್ಲಿ ಅವರ ಒದೆತ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ತೂಗುಹಾಕಿದ್ದ ಪರದೆಗೇ ಬಡಿಯಿತು. ನಲವತ್ತೈದು ಗಜ ಹೋಗುವ ಚೆಂಡು ನಾಲ್ಕೂವರೆ ಸೆಕೆಂಡು ಗಾಳಿಯಲ್ಲಿದ್ದರೆ ಸಂಗಡಿಗರು ಓಡಿಹೋಗಿ ಹಿಡಿಯುವವನನ್ನು ಸುತ್ತುವರಿಯಬಹುದು; ಐವತ್ತೈದು ಗಜ ತಗ್ಗಾಗಿ ಹಾರಿದರೆ ಅವನಿಗೆ ಓಡಲು ಬಯಲೇ ಸಿಗುತ್ತದೆ. ಆಟ ಬಿಟ್ಟು ದಶಕಗಳಾದ ಮೇಲೆ, 2014ರಲ್ಲಿ, ಗೈ ಹಾಲ್ ಆಫ್ ಫೇಮ್ ಸೇರಿದರು. ಪಂಟ್ ಒಂದನ್ನೇ ಕಸುಬಾಗಿಸಿಕೊಂಡವರಲ್ಲಿ ಆ ಗೌರವ ಅವರಿಗೇ ಮೊದಲು. ಅಷ್ಟು ತಡವಾದದ್ದು ಅನ್ಯಾಯವೆಂದೇ ನನ್ನ ಎಣಿಕೆ.

ಪಂಟ್ ಕಲಿಕೆಯನ್ನು ಅಲುಗಾಡಿಸಿದವರು ಆಸ್ಟ್ರೇಲಿಯನ್ನರು. ಅವರ ನಾಡಿನ ಫುಟ್‌ಬಾಲ್‌ನಲ್ಲಿ ಒದೆತವೇ ಪಾಸ್. ಓಡುತ್ತಲೇ ಜೊತೆಗಾರನ ಎದೆಗೆ ಚೆಂಡು ಮುಟ್ಟಿಸಬೇಕಾದ ಮಕ್ಕಳಿಗೆ ಕೈಯಿಂದ ಬಿಡುವ ಹದ ಎಳವೆಯಲ್ಲೇ ಕೂಡಿರುತ್ತದೆ. 1995ರಲ್ಲಿ ಅಲ್ಲಿಂದ ಬಂದ ಡ್ಯಾರೆನ್ ಬೆನೆಟ್ ಸ್ಯಾನ್ ಡಿಯಾಗೋ ಚಾರ್ಜರ್ಸ್ ಪರ ಆಡತೊಡಗಿದರು. ಚೆಂಡನ್ನು ನೆಟ್ಟಗೆ ಹಿಡಿದು ಕೆಳತುದಿಗೆ ಒದೆಯುವ ಡ್ರಾಪ್ ಪಂಟ್ ಅವರ ಅಸ್ತ್ರ. ಹಿಮ್ಮುಖವಾಗಿ ಸುತ್ತುವ ಚೆಂಡು ನೆಲಕ್ಕೆ ಬಿದ್ದ ಮೇಲೆ ಮುಂದಕ್ಕೆ ನುಗ್ಗುವುದು ಕಡಿಮೆ. ಎದುರಾಳಿಯ ಗೋಲು ಗೆರೆಯ ಹತ್ತಿರವೇ ಅದನ್ನು ತಡೆಯಬಹುದು. ಗೆರೆ ದಾಟಿತೋ, ಎದುರಾಳಿಗೆ ಇಪ್ಪತ್ತು ಗಜದಿಂದ ಆರಂಭಿಸುವ ಸವಲತ್ತು. 2007ರಲ್ಲಿ ನೇಥನ್ ಚ್ಯಾಪ್ಮನ್ ಮೆಲ್ಬರ್ನ್‌ನಲ್ಲಿ ಪ್ರೋಕಿಕ್ ಆಸ್ಟ್ರೇಲಿಯಾ ಶುರುಮಾಡಿ ಇಂಥವರನ್ನು ಅಮೆರಿಕದ ಕಾಲೇಜುಗಳಿಗೆ ತಯಾರು ಮಾಡತೊಡಗಿದರು. 2013ರಿಂದ 2017ರವರೆಗೆ, ಕಾಲೇಜಿನ ಅತ್ಯುತ್ತಮ ಪಂಟರ್‌ಗೆ ಕೊಡುವ ರೇ ಗೈ ಪ್ರಶಸ್ತಿ ಐದೂ ವರ್ಷ ಆಸ್ಟ್ರೇಲಿಯನ್ನರ ಪಾಲಾಯಿತು.

ಹಾಗೆಂದು ಅವರ ದಾರಿಯನ್ನು ಕಣ್ಣುಮುಚ್ಚಿ ಹಿಡಿಯಬೇಕಿಲ್ಲ. ಪಕ್ಕಕ್ಕೆ ಓಡುತ್ತಾ ಒದೆಯುವ ರಗ್ಬಿ ಶೈಲಿ ಕಾಲೇಜಿನಲ್ಲಿ ಚೆನ್ನಾಗಿ ನಡೆಯುತ್ತದೆ. ಅಲ್ಲಿ ಒದೆಯುವ ಮುನ್ನವೇ ಎಲ್ಲರೂ ಮುಂದಕ್ಕೆ ಓಡಬಹುದು. ಎನ್‌ಎಫ್‌ಎಲ್‌ನಲ್ಲಿ ಆ ಸ್ವಾತಂತ್ರ್ಯ ಎರಡೂ ಅಂಚಿನ ಇಬ್ಬರಿಗೆ ಮಾತ್ರ. ಉಳಿದವರು ಓಡಿಬರಲು ಹೊತ್ತು ಬೇಕು, ಅದಕ್ಕೆ ಎತ್ತರ ಬೇಕು. ತನ್ನ ಗೋಲಿನ ಬಳಿಯೇ ಸಿಕ್ಕಿಬಿದ್ದ ತಂಡಕ್ಕಂತೂ ಎತ್ತರ, ದೂರ ಎರಡನ್ನೂ ಕೊಡುವ ಸ್ಪೈರಲ್, ಅಂದರೆ ಚೆಂಡು ತನ್ನ ಉದ್ದದ ಅಕ್ಷದ ಸುತ್ತ ತಿರುಗುತ್ತಾ ಹಾರುವ ಒದೆತ, ಇಲ್ಲದೆ ಗತಿಯಿಲ್ಲ. ಡ್ರಾಪ್ ಪಂಟ್ ಒಂದನ್ನೇ ಬಲ್ಲವನ ಕಲಿಕೆ ಇನ್ನೂ ಅರ್ಧ. ಸ್ಪೈರಲ್ ಒಂದನ್ನೇ ಬಲ್ಲವನದೂ ಅಷ್ಟೇ. ಶಾಲಾ ಮೈದಾನಗಳಲ್ಲಿ ಎರಡನ್ನೂ ಮೊದಲ ವರ್ಷದಿಂದಲೇ ಜೊತೆಜೊತೆಯಾಗಿ ಕಲಿಸಬೇಕು. ಚೆಂಡು ಎಲ್ಲಿ ಬಿತ್ತು, ಎಷ್ಟು ಹೊತ್ತು ಮೇಲಿತ್ತು, ಹಿಡಿದವನು ಎಷ್ಟು ಗಜ ಹಿಂದಕ್ಕೆ ತಂದ ಎಂಬ ಮೂರನ್ನೂ ಗಜದ ಅಂಕಿಯ ಪಕ್ಕದಲ್ಲೇ ಬರೆದಿಡಬೇಕು.