ಹಿಂದೆ ಹೇಳುವವರು

ಭಜನೆಯನ್ನು ಹಾಡುಗಾರನೊಬ್ಬನ ಕಂಠ ನೋಡಿ ಅಳೆಯಲಾಗದು. ಮುಂದೆ ಹೇಳುವವರಷ್ಟೇ ಹಿಂದೆ ಹೇಳುವವರಿಗೂ ಅಲ್ಲಿ ಕಿವಿಗೊಡಬೇಕು. ಅಮೆರಿಕದ ಕೃಷ್ಣದಾಸರ ‘ಲೈವ್ ಆನಂದ’ವನ್ನು ನಾನು ಹಾಗೆಯೇ ಕೇಳಿದೆ.

1947ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು 1970ರಲ್ಲಿ ಭಾರತಕ್ಕೆ ಬಂದು ನೀಮ್ ಕರೋಲಿ ಬಾಬಾ ಅವರ ಶಿಷ್ಯರಾದರು. 2012ರ ಈ ಆಲ್ಬಂ ಗ್ರ್ಯಾಮಿ ಪ್ರಶಸ್ತಿಗೆ ನಾಮಕರಣಗೊಂಡಿತು. 2013ರ ಸಮಾರಂಭದಲ್ಲಿ ಅವರು ಹಾಡಿದರು ಕೂಡ. ಪ್ರಶಸ್ತಿ ಬರಲಿಲ್ಲ, ಇರಲಿ.

ದನಿ ದಪ್ಪ, ಏರಿಳಿತ ಕಡಿಮೆ. ನಮ್ಮ ದಾಸರ ಪದ ಹಾಡುವವರ ಗಮಕವನ್ನು ಅಲ್ಲಿ ಹುಡುಕಬೇಡಿ. ಹಾರ್ಮೋನಿಯಂ ಮಾತ್ರ ನಮ್ಮದೇ ಅನ್ನಿಸುತ್ತದೆ. ಅದಾದರೂ 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆಯ ಮೊಮ್ಮಗಳು! ಆದರೆ ಒಂದು ಗುಣವನ್ನು ಮೆಚ್ಚಲೇಬೇಕು. ನಾಮ ಹೇಳಿ ಈ ಮನುಷ್ಯ ನಿಲ್ಲುತ್ತಾರೆ. ಸಭೆ ಅದನ್ನು ತಿರುಗಿ ಹೇಳುವ ತನಕ ಕಾಯುತ್ತಾರೆ. ಕೊರತೆಯೂ ಉಂಟು. ತಿರುಗಿ ಬರುವ ದನಿಯಲ್ಲಿ ಒಬ್ಬರ ಗುರುತೂ ಸಿಗುವುದಿಲ್ಲ, ಎಲ್ಲ ಒಂದೇ ಅಲೆ. ನಮ್ಮ ಹುಲಿಹೈದರದ ಶನಿವಾರದ ಭಜನೆಯಲ್ಲಿ ಯಾರು ಮೊದಲೇ ಎತ್ತಿಕೊಂಡರು, ಯಾರು ತಾಳ ತಪ್ಪಿದರು ಎಂದು ಕಣ್ಣು ಮುಚ್ಚಿಯೇ ಹೇಳಬಹುದಿತ್ತು.

ಉಚ್ಚಾರ ಕೇಳಿ ನಗುವವರಿದ್ದಾರೆ. ಇವರು 2007ರ ‘ಫ್ಲೋ ಆಫ್ ಗ್ರೇಸ್’ನಲ್ಲಿ ಹಾಡಿದ ಹನುಮಾನ್ ಚಾಲೀಸಾ ನಮಗೇನು ಮನೆಮಾತೇ? ಅದು ಅವಧಿ ಭಾಷೆಯದು. ಹನುಮ ಹುಟ್ಟಿದನೆಂದು ನಾವು ನಂಬುವ ಅಂಜನಾದ್ರಿ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ, ಆನೆಗೊಂದಿಯ ಬಳಿ ಇದೆ. ಆ ಸೀಮೆಯ ನಾವೂ ಕನ್ನಡ ಅಕ್ಷರದ ಪುಸ್ತಕ ಹಿಡಿದು, ಅರ್ಧ ಅರ್ಥ ತಿಳಿದೇ ಅದನ್ನು ಹೇಳುವುದು. ದೇವರು ನಮ್ಮ ಊರಿನವನು, ಹಾಡು ಪರವೂರಿನದು.

ನನಗೆ ಚುಚ್ಚುವುದು ಉಚ್ಚಾರವಲ್ಲ. ನಾನು ಕಂಡಂತೆ ನಮ್ಮ ಭಜನೆಯಲ್ಲಿ ಹೆಂಗಸರ ಪಾಲಿಗೆ ಬಂದದ್ದು ಹಿಂದೆ ಹೇಳುವುದೊಂದೇ. ಕಂಬದ ಮಗ್ಗುಲಿಗೆ ಕುಳಿತು, ಗಂಡಸರು ಎತ್ತಿಕೊಟ್ಟ ಸಾಲನ್ನು ತಿರುಗಿ ಕೊಡುವುದು. ಮುಂದೆ ಹೇಳಿರೆಂದು ನಮ್ಮನ್ನು ಯಾರೂ ಕರೆಯಲಿಲ್ಲ. ಈಗ ಆ ಪಾಲೂ ಹೋಗುತ್ತಿದೆ. ಗುಡಿಯ ಮೈಕಿಗೆ ಪೆನ್ ಡ್ರೈವ್ ಬಂದಿದೆ. ಬೆಳಗಿನ ಐದಕ್ಕೇ ಅದು ಚಾಲೀಸಾ ಹಚ್ಚುತ್ತದೆ. ಎದುರಿಗೆ ಒಂದು ನರಪಿಳ್ಳೆಯೂ ಇರುವುದಿಲ್ಲ.

ನಮ್ಮ ಎದುರುಮನೆಯ ಅತ್ತಿ ಮಾತ್ರ ರೊಟ್ಟಿ ಬಡಿಯುತ್ತಾ ಇನ್ನೂ ದನಿಗೂಡಿಸುತ್ತಾಳೆ. ಅವಳು ಒಂದು ಸಾಲು ತಿರುಗಿ ಹೇಳಿ ಮುಗಿಸುವಷ್ಟರಲ್ಲಿ ಮೈಕು ಮುಂದಿನ ಸಾಲಿಗೆ ಹೋಗಿಬಿಟ್ಟಿರುತ್ತದೆ.