ಮೊದಲು ಲೋ, ಆಮೇಲೆ ಲೀಟರು

ಗುಡ್ಡದ ದಾರಿಗೆ ಟೈರಿನ ಗಾಳಿ ಎಷ್ಟು ಇಳಿಸಬೇಕು ಎಂಬ ಮಾತನ್ನು ಈ ವಾರದ ಅಂಕಣದಲ್ಲಿ ಮುಗಿಸಬೇಕಿತ್ತು. ಅಷ್ಟರಲ್ಲಿ ಆರ್.ಟಿ. ನಗರದ ಓದುಗರೊಬ್ಬರ ಪ್ರಶ್ನೆ ಬಂತು: "ಸಾರ್, ಗುಡ್ಡ ಹತ್ತೋಕೆ ಸಣ್ಣ ಟರ್ಬೋ ಎಂಜಿನ್ ಸಾಕಾ, ದೊಡ್ಡದೇ ಬೇಕಾ? ಗೆಳೆಯರೆಲ್ಲ ದೊಡ್ಡದೇ ತಗೋ ಅಂತಾರೆ." ಆ ಗೆಳೆಯರ ಜತೆ ನನ್ನದೊಂದು ಹಳೆಯ ವಾದ ಬಾಕಿ ಇದೆ. ಟೈರು ಕಾಯಲಿ.

ಭಾನುವಾರ ಬೆಳಗಿನ ಜಾವ ಹೆಬ್ಬಾಳ ದಾಟಿ, ಯಲಹಂಕದಲ್ಲಿ ಕಾಫಿ ಕುಡಿದು ದೊಡ್ಡಬಳ್ಳಾಪುರದ ಕಡೆ ಹೊರಡುವ ಗಾಡಿಯವರಲ್ಲಿ ಒಂದು ಪಂಥವಿದೆ. ಸಿಸಿಗೆ ಸಾಟಿ ಸಿಸಿಯೇ ಎನ್ನುವುದು ಅವರ ಸಿದ್ಧಾಂತ. ಎಳೆತ ಬರುವುದು ದೊಡ್ಡ ಸಿಲಿಂಡರಿನಿಂದ, ಟರ್ಬೋ ಏನಿದ್ದರೂ ಹೈವೇಗೆ, ಕಲ್ಲು ಮಣ್ಣಿಗಲ್ಲ ಎಂದು ಅವರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಹೊಸಬರು ಅದನ್ನು ನಂಬಿ, ಬೇಡದ ಲೀಟರಿಗೆ ದುಡ್ಡು ಸುರಿಯುತ್ತಾರೆ.

ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಟರ್ಬೋ ತಿರುಗುವುದು ಎಂಜಿನ್ ಬಿಡುವ ಹೊಗೆಯ ರಭಸಕ್ಕೆ. ಸಾವಿರ ಆರ್‌ಪಿಎಂನಲ್ಲಿ ಆ ರಭಸ ಇರುವುದಿಲ್ಲ. ಅಲ್ಲಿ ಒಂದೂವರೆ ಲೀಟರಿನ ಟರ್ಬೋ ಬರೀ ಒಂದೂವರೆ ಲೀಟರಿನ ಎಂಜಿನ್ ಅಷ್ಟೆ. ಮಾಕಳಿದುರ್ಗದ ಸುತ್ತಿನ ಕಲ್ಲುದಾರಿಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಮುಂದಿನ ಚಕ್ರ ಮೊಣಕಾಲೆತ್ತರದ ಬಂಡೆಗೆ ಬಂದು ತಾಗುತ್ತದೆ. ಚಾಲಕ ಹಾಫ್ ಕ್ಲಚ್‌ನಲ್ಲಿ ಆಕ್ಸಿಲರೇಟರ್ ಒತ್ತುತ್ತಾನೆ, ಗಾಡಿ ಕದಲುವುದಿಲ್ಲ. ಇನ್ನಷ್ಟು ಒತ್ತುತ್ತಾನೆ. ಮುಳ್ಳು ಸಾವಿರದ ಎಂಟುನೂರು ದಾಟಿದ್ದೇ ತಡ, ಟರ್ಬೋ ಒಮ್ಮೆಲೇ ಎದ್ದು ಕೂರುತ್ತದೆ. ಹಿಂದಿನ ಚಕ್ರ ಜಲ್ಲಿ ಎರಚಿಕೊಂಡು ಸುತ್ತುತ್ತದೆ, ಗಾಡಿ ಅಡ್ಡಡ್ಡ ಜಾರುತ್ತದೆ, ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಹಿಂದೆ ನಿಂತವರ ಮೂಗಿಗೂ ಬಡಿಯುತ್ತದೆ. "ನೋಡಿ, ಇದಕ್ಕೇ ಹೇಳಿದ್ದು" ಎನ್ನುತ್ತಾರೆ ಸಿಸಿ ಪಂಥದವರು.

ಆದರೆ ಅಲ್ಲಿ ಸೋತದ್ದು ಟರ್ಬೋ ಅಲ್ಲ. ಆ ಗಾಡಿಯಲ್ಲಿ ಲೋ ರೇಂಜ್, ಅಂದರೆ ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರು, ಇರಲಿಲ್ಲ, ಇಲ್ಲವೇ ಚಾಲಕ ಅದನ್ನು ಹಾಕಿರಲಿಲ್ಲ.

ದೊಡ್ಡ ಎಂಜಿನ್ನಿನವರು ಸಾಕ್ಷಿಗೆ ಯಾವಾಗಲೂ ಕರೆಯುವುದು ಕೊಡಚಾದ್ರಿಯ ಜೀಪನ್ನು. ಕೊಲ್ಲೂರು, ನಿಟ್ಟೂರಿನ ಕಡೆಯಿಂದ 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಜನರನ್ನು ಹೊತ್ತು ಹತ್ತಿದ ಹಳೆಯ ಮಹೀಂದ್ರಾಗಳಲ್ಲಿ ಟರ್ಬೋ ಇಲ್ಲದ ಎರಡು, ಎರಡೂವರೆ ಲೀಟರಿನ ಡೀಸೆಲ್ ಎಂಜಿನ್ನುಗಳಿದ್ದದ್ದು ನಿಜ. ಆದರೆ ಹತ್ತುವಾಗ ಚಾಲಕನ ಎಡಗೈ ನೋಡಿ. ಏರು ಶುರುವಾಗುವ ಮೊದಲೇ ಅವನು ಲೋ ಹಾಕಿರುತ್ತಾನೆ. ಆಮೇಲೆ ಕ್ಲಚ್ ಮುಟ್ಟುವುದೇ ಅಪರೂಪ. ಆ ಬೆಟ್ಟ ಹತ್ತಿಸುವುದು ಲೀಟರಿಗಿಂತ ಹೆಚ್ಚಾಗಿ ಆ ಸಣ್ಣ ಲಿವರು.

ಈ ಪಾಠ ಮೊದಲ ಜೀಪಿನಲ್ಲೇ ಇದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಎಂಜಿನ್ 2.2 ಲೀಟರಿನದು. ಅಷ್ಟು ದೊಡ್ಡದಿದ್ದೂ ಕೊಟ್ಟದ್ದು 60 ಅಶ್ವಶಕ್ತಿ, ಸುಮಾರು 142 ನ್ಯೂಟನ್ ಮೀಟರ್ ಟಾರ್ಕ್. ಇಂದು ನಮ್ಮಲ್ಲಿ ಸಿಗುವ ಸುಜುಕಿ ಜಿಮ್ನಿಯ ಒಂದೂವರೆ ಲೀಟರ್ ಎಂಜಿನ್ ಕೊಡುವುದು 134. ವಿಲ್ಲಿಸ್‌ನ ಮೂರು ಗೇರಿನ ಪೆಟ್ಟಿಗೆಯ ಹಿಂದೆ, ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇತ್ತು. ಅದರ ಲೋ ಅನುಪಾತ 1.97. ಎಂಜಿನ್ ಕೊಟ್ಟದ್ದನ್ನು ಅದು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ ಚಕ್ರಕ್ಕೆ ತಲುಪಿಸುತ್ತಿತ್ತು. ಮುಂದಿನ ಆಕ್ಸಲ್ ಸೇರಿಸದೆ ಲೋ ಹಾಕಲು ಹೋದರೆ ಲಿವರ್ ಬೀಳುತ್ತಲೇ ಇರಲಿಲ್ಲ. ಅಷ್ಟು ಬಲ ಹಿಂದಿನ ಎರಡೇ ಚಕ್ರಕ್ಕೆ ಹೋದರೆ ಆಕ್ಸಲ್ ತಾಳದೆಂದು ಗೊತ್ತಿದ್ದವರು ಮಾಡಿದ ಗಾಡಿ ಅದು. ಎಂಜಿನ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಅದರ ಬಲ ಚಕ್ರಕ್ಕೆ ಹೇಗೆ ಮುಟ್ಟುತ್ತದೆ ಎಂಬುದನ್ನು ಅವರು ಯೋಚಿಸಿದ್ದರು.

ಸಣ್ಣ ಟರ್ಬೋ, ದೊಡ್ಡ ಎಂಜಿನ್ ಎರಡನ್ನೂ ಒಂದೇ ಒಡಲಿನಲ್ಲಿ ಇಟ್ಟು ನೋಡಬೇಕೆಂದರೆ ಜಪಾನಿಗೆ ಹೋಗಬೇಕು. ಅಲ್ಲಿ ಜಿಮ್ನಿ ಎರಡು ಬಗೆಯ ಎಂಜಿನ್ನಿನಲ್ಲಿ ಸಿಗುತ್ತದೆ. ಒಂದರಲ್ಲಿ 658 ಸಿಸಿಯ ಟರ್ಬೋ, 96 ನ್ಯೂಟನ್ ಮೀಟರ್. ಇನ್ನೊಂದರಲ್ಲಿ ಟರ್ಬೋ ಇಲ್ಲದ ಒಂದೂವರೆ ಲೀಟರ್, 130 ನ್ಯೂಟನ್ ಮೀಟರ್. ಕಾಗದದ ಮೇಲೆ ಸಣ್ಣದು ಸೋತಂತೆಯೇ. ಈಗ ಟ್ರಾನ್ಸ್‌ಫರ್ ಕೇಸ್ ನೋಡಿ. ದೊಡ್ಡದರ ಲೋ ಅನುಪಾತ 2.002, ಸಣ್ಣದರದು 2.643. ಗುಣಿಸಿದರೆ ದೊಡ್ಡದಕ್ಕೆ 260, ಸಣ್ಣದಕ್ಕೆ 254. ಎಂಜಿನ್ನಿನಲ್ಲಿ ಬಿದ್ದ ಕೊರತೆಯನ್ನು ಸುಜುಕಿಯವರು ಗೇರಿನಲ್ಲಿ ತುಂಬಿಸಿಬಿಟ್ಟಿದ್ದಾರೆ. ಮೇಲಾಗಿ ಲೋ ಹಾಕಿದಾಗ ಗಾಡಿ ನಿಧಾನ ಹೋಗುತ್ತಿದ್ದರೂ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ. ಟರ್ಬೋಗೆ ಬೇಕಾದ ಹೊಗೆಯ ರಭಸ ಅಲ್ಲೇ ಹುಟ್ಟುತ್ತದೆ. ಬಂಡೆಯ ಮುಂದೆ ಸತ್ತಂತೆ ನಿಂತಿದ್ದ ಎಂಜಿನ್ ಲೋನಲ್ಲಿ ನಡಿಗೆಯ ವೇಗದಲ್ಲೇ ಎಳೆಯುತ್ತದೆ.

ಟರ್ಬೋ ಪರವಾಗಿ ಇನ್ನೂ ಒಂದು ಮಾತಿದೆ, ಅದು ಎತ್ತರದ್ದು. ಯಲಹಂಕದಲ್ಲಿ ಕೂತ ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದ್ದೇವೆ. ಗಾಳಿಯ ಒತ್ತಡ ಮಂಗಳೂರಿಗಿಂತ ಇಲ್ಲಿ ಶೇ 10ರಷ್ಟು ಕಡಿಮೆ. 1930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಶೇ 20ರಷ್ಟು. ಟರ್ಬೋ ಇಲ್ಲದ ಎಂಜಿನ್ ಉಸಿರಾಡುವುದು ಇದೇ ತೆಳು ಗಾಳಿಯನ್ನು, ಶಕ್ತಿಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಅದು ಎಷ್ಟು ದೊಡ್ಡದಿದ್ದರೂ ಈ ತೆರಿಗೆ ತಪ್ಪದು. ಟರ್ಬೋ ಆ ಗಾಳಿಯನ್ನೇ ಒತ್ತಿ ತುಂಬಿಸಿ ನಷ್ಟವನ್ನು ಸರಿದೂಗಿಸುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಖಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೋವನ್ನು ಮೊದಲು ಎತ್ತಿಕೊಂಡವರಲ್ಲಿ ವಿಮಾನದವರಿದ್ದರು. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಲಿಬರ್ಟಿ ಎಂಬ ವಿಮಾನ ಎಂಜಿನ್ನನ್ನು ಹದಿನಾಲ್ಕು ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಹೊತ್ತೊಯ್ದು ಪರೀಕ್ಷಿಸಿದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದದ್ದು ಮೇಲೆ 230ಕ್ಕೆ ಇಳಿದಿತ್ತು. ಟರ್ಬೋ ಜೋಡಿಸಿದಾಗ 356ಕ್ಕೆ ಏರಿತು. ಲಡಾಖಿನ ಕನಸು ಇಟ್ಟುಕೊಂಡವರು ಈ ಅಂಕಿಗಳನ್ನು ನೆನಪಿಡಿ.

ಟರ್ಬೋಗೆ ಆರೈಕೆ ಬೇಕು, ಅದನ್ನೂ ಹೇಳುತ್ತೇನೆ. ಏರು ಹತ್ತಿದ ತಕ್ಷಣ ಕೀಲಿ ತಿರುಗಿಸಿ ಬಂದ್ ಮಾಡಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಬೇರಿಂಗಿನ ಆಯಿಲ್ ಅಲ್ಲೇ ನಿಂತು ಬೆಂದು ಕರಕಲಾದರೆ ಖರ್ಚು ದೊಡ್ಡದು. ಇಂಟರ್‌ಕೂಲರಿನ ಕೆಸರು ಅಂದೇ ತೊಳೆಯಿರಿ.

ಇನ್ನು ಆರ್.ಟಿ. ನಗರದವರ ಪ್ರಶ್ನೆ ಕರೆದೊಯ್ಯುವುದು ನನ್ನ ನಿಜವಾದ ತಕರಾರಿಗೆ. ಮೂರು ಬಾಗಿಲಿನ ಮಹೀಂದ್ರಾ ಥಾರ್‌ನ 2.2 ಲೀಟರ್ ಡೀಸೆಲ್ 300 ನ್ಯೂಟನ್ ಮೀಟರ್ ಕೊಡುತ್ತದೆ. 2023ರಲ್ಲಿ ಬಂದ 1.5 ಲೀಟರ್ ಡೀಸೆಲ್ಲೂ 300 ಕೊಡುತ್ತದೆ. ಟಾರ್ಕಿನಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲ. ಆದರೆ ಚಿಕ್ಕದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಲೋ ಲಿವರ್ ಇರುವುದು ದೊಡ್ಡದಕ್ಕೆ. ಲಿವರ್ ಬೇಕೆಂದವನು ಬೇಡದ ಸಿಸಿಯನ್ನೂ ಕೊಳ್ಳಬೇಕು, ಅದರ ತೆರಿಗೆಯನ್ನೂ ಕಟ್ಟಬೇಕು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1500 ಸಿಸಿವರೆಗಿನ ಡೀಸೆಲ್ ಕಾರಿಗೆ ಜಿಎಸ್‌ಟಿ ಶೇ 18. ಪೆಟ್ರೋಲ್ ಆದರೆ 1200 ಸಿಸಿವರೆಗೆ. ಮಿಕ್ಕ ಪೆಟ್ರೋಲ್, ಡೀಸೆಲ್ ಕಾರುಗಳಿಗೆಲ್ಲ ಶೇ 40. ಕಾನೂನು ಅಳೆಯುವುದು ಉದ್ದವನ್ನು, ಸಿಸಿಯನ್ನು. ಟ್ರಾನ್ಸ್‌ಫರ್ ಕೇಸಿಗೆ ಅದರಲ್ಲಿ ದಂಡವಿಲ್ಲ. ಅಂದರೆ ನಾಲ್ಕು ಮೀಟರ್ ಒಳಗೆ, ಒಂದೂವರೆ ಲೀಟರ್ ಟರ್ಬೋ ಡೀಸೆಲ್, ಜತೆಗೆ ಲೋ ಲಿವರ್ ಇರುವ ಗಾಡಿ ಶೇ 18ಕ್ಕೇ ಸಿಗಬಹುದು. ಅಂಥದ್ದೊಂದು ನಮ್ಮ ಶೋರೂಮುಗಳಲ್ಲಿ ಇಲ್ಲ. ಎಂಜಿನ್ ಇದೆ, ಗೇರು ಇದೆ, ಎರಡೂ ಒಂದೇ ಗಾಡಿಯಲ್ಲಿ ಇಲ್ಲ.

ಆದ್ದರಿಂದ ನನ್ನ ಉತ್ತರ ಇಷ್ಟು. ಸಣ್ಣ ಟರ್ಬೋ ಸಾಕು, ಲೋ ಇದ್ದರೆ ಮಾತ್ರ. ಇಲ್ಲದಿದ್ದರೆ ಲೋ ಇರುವ ದೊಡ್ಡ ಎಂಜಿನ್ನನ್ನೇ ಕೊಳ್ಳಿ. ಯಶವಂತಪುರವೋ ಹೆಬ್ಬಾಳವೋ, ಯಾವ ಶೋರೂಮಿಗೆ ಹೋದರೂ ಟೆಸ್ಟ್ ಡ್ರೈವ್ ಮುಗಿಸಿ ಏಳುವ ಮುನ್ನ ಒಂದು ಮಾತು ಕೇಳಿ ಬನ್ನಿ: ಒಂದೂವರೆ ಲೀಟರಿನ ಟರ್ಬೋಗೆ ಆ ಲಿವರ್ ಯಾವಾಗ ಕೊಡುತ್ತೀರಿ? ಕೇಳುವವರು ಹೆಚ್ಚಾದರೆ ಮಾಡುವವರಿಗೂ ಕಾರಣ ಸಿಗುತ್ತದೆ.